ರಿಫೈನರಿ ನಮ್ಮೂರಲ್ಲೇ ಇದ್ದರೂ ಸಿಲಿಂಡರ್ ದರ ಗಲ್ಫ್ ನೋಡಿ ಯಾಕೆ ಏರುತ್ತದೆ?

ನೀವು ಕೇಳಿದ್ದು ಇಷ್ಟು: ಉಡುಪಿಯಲ್ಲಿ ಹೋಟೆಲ್ ಮತ್ತು ಕೇಟರಿಂಗ್ ಇದೆ, ಎರಡು ಡೀಸೆಲ್ ಟೆಂಪೊ ಇವೆ. 19 ಕೆ.ಜಿ. ಸಿಲಿಂಡರ್ ದರ ತಿಂಗಳು ತಿಂಗಳು ಏರಿಳಿಯುತ್ತದೆ, ಡೀಸೆಲ್ ಮಾತ್ರ ವರ್ಷಗಟ್ಟಲೆ ಅಲ್ಲಾಡುವುದಿಲ್ಲ. ಸುರತ್ಕಲ್ ಹತ್ತಿರವೇ ಎಂಆರ್‌ಪಿಎಲ್ ಇರುವಾಗ ಹೀಗೇಕೆ? ಯುದ್ಧದ ಸುದ್ದಿ ಬಂದಾಗ ಏನನ್ನು ನೋಡಿ ಮುಂದಿನ ಖರ್ಚು ಅಂದಾಜು ಮಾಡಬೇಕು?

ಮೊದಲೇ ಹೇಳಿಬಿಡುತ್ತೇನೆ: ಟಿ.ವಿ.ಯ ಕೆಳಗೆ ಓಡುವ ಬ್ರೆಂಟ್ (ಕಚ್ಚಾತೈಲದ ಅಂತರರಾಷ್ಟ್ರೀಯ ಮಾನದಂಡ) ದರವನ್ನು ಮಾತ್ರ ನೋಡುತ್ತಾ ಕೂತರೆ ಎರಡಕ್ಕೂ ಉತ್ತರ ಸಿಗುವುದಿಲ್ಲ. ನಿಮ್ಮ ಸಿಲಿಂಡರ್‌ಗೆ ಬರುವ ಏರಿಳಿತದ ದಾರಿ ಒಂದು, ಟೆಂಪೊದ ಡೀಸೆಲ್‌ಗೆ ಬರುವ ದಾರಿ ಇನ್ನೊಂದು. ಹೋಟೆಲಿನವರಿಗೆ ಅಪಾಯ ಹೆಚ್ಚಿರುವುದು ಸಿಲಿಂಡರ್ ಕಡೆಯಿಂದ.

ರಿಫೈನರಿ ವಿಷಯ ಮೊದಲು ಮುಗಿಸೋಣ. ಎಂಆರ್‌ಪಿಎಲ್ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್, ಅಂದರೆ ದಿನಕ್ಕೆ ಸುಮಾರು 3 ಲಕ್ಷ ಬ್ಯಾರೆಲ್. ಕಚ್ಚಾತೈಲ ಬರುವುದು ಬಹುಪಾಲು ಹಡಗಿನಲ್ಲೇ. ತುಂಬಿದ ದೊಡ್ಡ ಟ್ಯಾಂಕರ್‌ಗಳಿಗೆ ಪಣಂಬೂರಿನ ಬಂದರಿನಲ್ಲಿ ಆಳ ಸಾಲದು, ಹಾಗಾಗಿ ಅವು ಹೊರಗೆ ಸಮುದ್ರದಲ್ಲೇ ತೇಲುಬುರುಡೆಗೆ ಕಟ್ಟಿಕೊಂಡು ಪೈಪ್‌ನಲ್ಲಿ ತೈಲ ಇಳಿಸುತ್ತವೆ. ಇಲ್ಲಿ ತಯಾರಾದ ಡೀಸೆಲ್, ಪೆಟ್ರೋಲ್ ತೈಲ ಕಂಪನಿಗಳಿಗೆ ಹೋಗುವ ದರಕ್ಕೆ ಒಂದು ಸೂತ್ರವಿದೆ: ಶೇ 80 ಭಾಗ 'ಇದನ್ನೇ ಹೊರದೇಶದಿಂದ ತರಿಸಿದ್ದರೆ ಎಷ್ಟು ಬೀಳುತ್ತಿತ್ತು' ಎಂಬ ಲೆಕ್ಕ, ಶೇ 20 ಭಾಗ 'ಹೊರಗೆ ಮಾರಿದ್ದರೆ ಎಷ್ಟು ಸಿಗುತ್ತಿತ್ತು' ಎಂಬ ಲೆಕ್ಕ. ಹಾಗಾಗಿ ಎಂಆರ್‌ಪಿಎಲ್ ಇರುವ ಕುತ್ತೆತ್ತೂರಿನಲ್ಲಿ ತಯಾರಾದ ಲೀಟರ್‌ಗೂ ಅಂತರರಾಷ್ಟ್ರೀಯ ದರವೇ ಆಧಾರ. ಹತ್ತಿರ ಇರುವುದರ ಲಾಭ ಸಾಗಣೆ ಖರ್ಚಿನಲ್ಲಿ ಮಾತ್ರ. ಅದೂ ಜಾಸ್ತಿ ಅಲ್ಲ, ಯಾಕೆಂದರೆ ಹಾಸನದ ಮೂಲಕ ಬೆಂಗಳೂರಿಗೆ 362 ಕಿ.ಮೀ. ಪೈಪ್‌ಲೈನೇ ಇದೆ, ಮಂಗಳೂರು ಮತ್ತು ಬೆಂಗಳೂರಿನ ಪೆಟ್ರೋಲ್ ದರದ ಅಂತರ ಸಾಮಾನ್ಯವಾಗಿ ಒಂದು ರೂಪಾಯಿಯ ಆಸುಪಾಸು. ಗಡಿಯ ತಲಪಾಡಿಯ ಈಚೆ ಕೇರಳದ ವಾಹನಗಳು ಟ್ಯಾಂಕ್ ತುಂಬಿಸಿಕೊಳ್ಳುವುದು ರಿಫೈನರಿ ಹತ್ತಿರ ಇದೆ ಎಂದಲ್ಲ ಮಾರಾಯ್ರೆ, ಎರಡು ರಾಜ್ಯಗಳ ತೆರಿಗೆ ಬೇರೆ ಎಂದು.

ಇನ್ನು ಕೈಯಲ್ಲೇ ಮಾಡಬಹುದಾದ ಲೆಕ್ಕ. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಕಚ್ಚಾತೈಲ 70 ಡಾಲರ್, ಡಾಲರ್‌ಗೆ 90 ರೂಪಾಯಿ ಎಂದಿಟ್ಟುಕೊಳ್ಳಿ: 6,300ನ್ನು 159ರಿಂದ ಭಾಗಿಸಿದರೆ ಲೀಟರ್‌ಗೆ ಸುಮಾರು 39 ರೂಪಾಯಿ 60 ಪೈಸೆ. ಬ್ಯಾರೆಲ್‌ಗೆ ಒಂದು ಡಾಲರ್ ಏರಿದರೆ ಲೀಟರ್‌ಗೆ 57 ಪೈಸೆ. ಕಚ್ಚಾತೈಲ ಅಲ್ಲಾಡದೆ ರೂಪಾಯಿ ಮಾತ್ರ ಒಂದು ರೂಪಾಯಿ ಕುಸಿದರೂ 44 ಪೈಸೆ. ರೂಪಾಯಿಯ ಈ ಪಾಲನ್ನು ಬಹಳ ಜನ ಮರೆಯುತ್ತಾರೆ. 2008ರ ಜುಲೈನಲ್ಲಿ ಕಚ್ಚಾತೈಲ 147 ಡಾಲರ್ ಮುಟ್ಟಿದಾಗ ಡಾಲರ್ ಸುಮಾರು 43 ರೂಪಾಯಿ ಇತ್ತು. ಅಂದರೆ ಲೀಟರ್‌ಗೆ 40 ರೂಪಾಯಿಗೆ ಸ್ವಲ್ಪ ಕಡಿಮೆ. ನಮ್ಮ ಕಿಸೆಗೆ 90ರ ಡಾಲರಿನಲ್ಲಿ 70 ಡಾಲರ್ ತೈಲ, ಆ ದಾಖಲೆಯ 147 ಡಾಲರ್ ತೈಲದಷ್ಟೇ ದುಬಾರಿ. 'ತೈಲ ಅರ್ಧಕ್ಕೆ ಇಳಿದರೂ ಇಲ್ಲಿ ಇಳಿಯಲಿಲ್ಲ' ಎಂಬ ವಾಟ್ಸ್ಆ್ಯಪ್ ಸಂದೇಶ ಬಂದರೆ ಮೊದಲು ಈ ಭಾಗಾಕಾರ ಮಾಡಿ, ಆಮೇಲೆ ಸಿಟ್ಟಾಗಿ.

ಸಿಟ್ಟಾಗಲು ಕಾರಣವೇ ಇಲ್ಲ ಎಂದಲ್ಲ. 2014ರ ಜೂನ್‌ನಲ್ಲಿ 115 ಡಾಲರ್ ಇದ್ದ ಬ್ರೆಂಟ್ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಹೋಯಿತು. ಆ ಅವಧಿಯಲ್ಲಿ ಕೇಂದ್ರ ಅಬಕಾರಿ ಸುಂಕ ಒಂಬತ್ತು ಬಾರಿ ಏರಿತು. 2020ರ ಮೇ ತಿಂಗಳಲ್ಲಿ ಒಂದೇ ದಿನ ಪೆಟ್ರೋಲ್‌ಗೆ 10, ಡೀಸೆಲ್‌ಗೆ 13 ರೂಪಾಯಿ ಸುಂಕ ಹೆಚ್ಚಾಯಿತು. ಇಳಿದಾಗ ತೆರಿಗೆ ನುಂಗುತ್ತದೆ, ಏರಿದಾಗ ಅದೇ ತೆರಿಗೆ ಸ್ವಲ್ಪ ಸಡಿಲವಾಗುತ್ತದೆ. 2021ರ ನವೆಂಬರ್ ಮತ್ತು 2022ರ ಮೇ ತಿಂಗಳಲ್ಲಿ ಆದದ್ದು ಅದು. ಕೇಂದ್ರದ ಸುಂಕ ಲೀಟರ್‌ಗೆ ಇಷ್ಟು ಎಂದು ನಿಗದಿ, ರಾಜ್ಯದ ಮಾರಾಟ ತೆರಿಗೆ ಶೇಕಡಾ ಲೆಕ್ಕದಲ್ಲಿ. ಡೀಸೆಲ್ ಮೇಲಿನ ರಾಜ್ಯ ತೆರಿಗೆ 2025ರ ಏಪ್ರಿಲ್‌ನಲ್ಲಿ ಶೇ 18.44ರಿಂದ 21.17ಕ್ಕೆ ಏರಿತು. ಅವತ್ತು ಬಂಕ್ ದರ ಏರಿದ್ದಕ್ಕೂ ಗಲ್ಫ್‌ಗೂ ಸಂಬಂಧವೇ ಇರಲಿಲ್ಲ.

ತೆರಿಗೆಯ ಮೇಲೆ ಇನ್ನೊಂದು ಪದರ ಇದೆ: ಕಂಪನಿಗಳ ಮಾರ್ಜಿನ್. 2017ರ ಜೂನ್ 16ರಿಂದ ಕಾಗದದ ಮೇಲೆ ದಿನಾ ಬೆಳಿಗ್ಗೆ ಆರಕ್ಕೆ ದರ ಬದಲಾಗಬೇಕು. ಆದರೆ 2021ರ ನವೆಂಬರ್‌ನಿಂದ 2022ರ ಮಾರ್ಚ್ 22ರವರೆಗೆ, ಐದು ರಾಜ್ಯಗಳ ಚುನಾವಣೆ ಮುಗಿಯುವ ತನಕ, ಕಂಪನಿಗಳು ದರ ಮುಟ್ಟಲಿಲ್ಲ. ನಂತರ 16 ದಿನಗಳಲ್ಲಿ 14 ಬಾರಿ ಏರಿಸಿ 10 ರೂಪಾಯಿ ಕೂಡಿಸಿದರು, ಮತ್ತೆ ನಿಲ್ಲಿಸಿದರು. 2022ರ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ ಮೂರು ಸರಕಾರಿ ಕಂಪನಿಗಳಿಗೆ ಒಟ್ಟು 21 ಸಾವಿರ ಕೋಟಿ ಮೀರಿ ನಷ್ಟ; ತೈಲ ಇಳಿದ ಮೇಲೂ ದರ ಇಳಿಸದೆ 2023-24ರಲ್ಲಿ 80 ಸಾವಿರ ಕೋಟಿ ಮೀರಿ ಲಾಭ. ನಿಮ್ಮ ಡೀಸೆಲ್ 'ಅಲ್ಲಾಡುವುದಿಲ್ಲ' ಎಂದರೆ ಈ ಕಂಪನಿಗಳ ಲೆಕ್ಕಪುಸ್ತಕ ಅಲ್ಲಾಡುತ್ತಿದೆ ಎಂದರ್ಥ. ಸ್ವಂತ ಡೀಸೆಲ್ ಪಂಪ್ ಇಟ್ಟುಕೊಂಡು ಸಗಟಾಗಿ ತರಿಸುವ ಬಸ್ ಮಾಲೀಕರಿಗೆ ಈ ರಕ್ಷಣೆ ಇಲ್ಲ: 2022ರ ಮಾರ್ಚ್‌ನಲ್ಲಿ ಸಗಟು ಡೀಸೆಲ್ ಒಮ್ಮೆಲೇ ಸುಮಾರು 25 ರೂಪಾಯಿ ಏರಿತ್ತು, ದೊಡ್ಡ ಬಳಕೆದಾರರೆಲ್ಲ ಬಂಕ್‌ಗೆ ಓಡಿದರು. ನಿಮ್ಮ ಎರಡು ಟೆಂಪೊಗೆ ಬಂಕ್ ಸಾಕು.

ಈಗ ಯುದ್ಧದ ಸುದ್ದಿ. ಸುದ್ದಿಯ ಗದ್ದಲಕ್ಕಿಂತ ಎರಡು ಪ್ರಶ್ನೆ ಮುಖ್ಯ: ತೈಲ ನಿಜಕ್ಕೂ ನಿಂತಿದೆಯೇ? ನಿಂತದ್ದನ್ನು ತುಂಬುವ ಹೆಚ್ಚುವರಿ ಸಾಮರ್ಥ್ಯ ಯಾರ ಬಳಿ ಇದೆ? 2019ರ ಸೆಪ್ಟೆಂಬರ್ 14ರಂದು ಸೌದಿಯ ಅಬ್ಖೈಕ್ ತೈಲ ಸಂಸ್ಕರಣಾ ಘಟಕದ ಮೇಲೆ ದಾಳಿಯಾಗಿ ದಿನಕ್ಕೆ 57 ಲಕ್ಷ ಬ್ಯಾರೆಲ್ ನಿಂತಿತು. ಮಾರುಕಟ್ಟೆ ತೆರೆದ ದಿನ ಬ್ರೆಂಟ್ ಸುಮಾರು ಶೇ 15 ಜಿಗಿಯಿತು. ಸೌದಿ ತನ್ನ ದಾಸ್ತಾನಿನಿಂದ ಪೂರೈಸಿ ಬೇಗ ದುರಸ್ತಿ ಮಾಡಿತು, ತಿಂಗಳ ಕೊನೆಗೆ ದರ ಹಳೆಯ ಮಟ್ಟಕ್ಕೆ ಬಂತು. 2025ರ ಜೂನ್‌ನಲ್ಲಿ ಇಸ್ರೇಲ್-ಇರಾನ್ ಕಾಳಗ ನಡೆದಾಗ ಬ್ರೆಂಟ್ 70ರ ಕೆಳಗಿನಿಂದ 80ರ ಹತ್ತಿರ ಹೋಗಿ, ಕದನವಿರಾಮ ಆದ ಕೂಡಲೇ ಮತ್ತೆ 70ರ ಕೆಳಗೆ ಇಳಿಯಿತು. ಆ ಹೊತ್ತಿಗೆ ತೈಲ ರಫ್ತುದಾರರ ಕೂಟವಾದ ಒಪೆಕ್ ಪ್ಲಸ್ ದೇಶಗಳು ತಿಂಗಳು ತಿಂಗಳು ಉತ್ಪಾದನೆ ಹೆಚ್ಚಿಸುತ್ತಿದ್ದವು, ಚೀನಾದ ಬೇಡಿಕೆ ಮಂದವಿತ್ತು. ಅದೇ 2022ರಲ್ಲಿ ಬ್ರೆಂಟ್ ಮಾರ್ಚ್ 7ರಂದು 139 ಮುಟ್ಟಿದ್ದಕ್ಕಿಂತ ದೊಡ್ಡ ಪೆಟ್ಟು ಡೀಸೆಲ್‌ನಲ್ಲಿತ್ತು: ಯುರೋಪ್ ರಷ್ಯಾದ ಡೀಸೆಲ್ ಬಿಡಲು ಹೊರಟಾಗ, ಕಚ್ಚಾತೈಲಕ್ಕೂ ಡೀಸೆಲ್‌ಗೂ ಇರುವ ದರದ ಅಂತರ ಸಿಂಗಾಪುರದಲ್ಲಿ ಜೂನ್ ತಿಂಗಳಲ್ಲಿ ಬ್ಯಾರೆಲ್‌ಗೆ 50 ಡಾಲರ್ ದಾಟಿತು. ವ್ಯಾಪಾರದವರು ಈ ಅಂತರಕ್ಕೆ ಕ್ರ್ಯಾಕ್ ಎನ್ನುತ್ತಾರೆ. ಡೀಸೆಲ್ ಸುಡುವವರು ಬ್ರೆಂಟ್‌ಗಿಂತ ಅದನ್ನು ನೋಡಬೇಕು.

ಭಯವೋ ನಿಜವಾದ ಕೊರತೆಯೋ ಎಂದು ತಿಳಿಯಲು ಸುಲಭದ ಪರೀಕ್ಷೆ: ಹತ್ತಿರದ ತಿಂಗಳ ವಾಯಿದೆ ದರವನ್ನೂ (ಮುಂದೆ ಕೊಡುವ ಸರಕಿಗೆ ಈಗಲೇ ಕುದುರುವ ದರ) ಆರು ತಿಂಗಳ ಆಚೆಯದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹತ್ತಿರದ್ದು ಮಾತ್ರ ಬಹಳ ಮೇಲೆ ಹೋಗಿದ್ದರೆ ಜನ ಇವತ್ತಿನ ಸರಕಿಗೆ ಪರದಾಡುತ್ತಿದ್ದಾರೆ. ದೂರದ್ದು ದುಬಾರಿಯಾಗಿ ಹತ್ತಿರದ್ದು ಅಗ್ಗವಾಗಿದ್ದರೆ ಇಡಲು ಜಾಗವಿಲ್ಲದಷ್ಟು ತೈಲ ಇದೆ. 2020ರ ಏಪ್ರಿಲ್-ಮೇ ತಿಂಗಳಲ್ಲಿ ಹಾಗಿತ್ತು. ಆಗಲೇ ಸರಕಾರ ಬ್ಯಾರೆಲ್‌ಗೆ ಸರಾಸರಿ 19 ಡಾಲರ್‌ನಂತೆ ಕೊಂಡು ಪೆರ್ಮುದೆ, ಪಾದೂರು, ವಿಶಾಖಪಟ್ಟಣದ ಭೂಗತ ಗುಹೆಗಳನ್ನು ತುಂಬಿಸಿದ್ದು.

ಆ ಗುಹೆಗಳ ಮೇಲೆ ಅತಿಯಾದ ಭರವಸೆ ಬೇಡ. ಕಾಪು ಹತ್ತಿರದ ಪಾದೂರಿನಲ್ಲಿ 25 ಲಕ್ಷ ಟನ್, ಪೆರ್ಮುದೆಯಲ್ಲಿ 15 ಲಕ್ಷ ಟನ್ ಜಾಗವಿದೆ. ಪಾದೂರು ತುಂಬಿದ್ದರೆ ಎಂಆರ್‌ಪಿಎಲ್ ಒಂದನ್ನೇ ಎರಡು ತಿಂಗಳು ಓಡಿಸಬಹುದು. ಇಡೀ ದೇಶಕ್ಕೆ ಹಂಚಿದರೆ ಮೂರೂವರೆ ದಿನ. ಅಲ್ಲಿರುವುದು ಕಚ್ಚಾತೈಲ. ನಿಮ್ಮ ಒಲೆಯ ಗ್ಯಾಸ್ ಅಲ್ಲ.

ಗಲ್ಫ್‌ನಿಂದ ಹಡಗುಗಳು ಹೊರಬರುವ ಹೋರ್ಮುಜ್ ಜಲಸಂಧಿಯ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ. 2024ರಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್, ಅಂದರೆ ಜಗತ್ತಿನ ಬಳಕೆಯ ಐದನೇ ಒಂದು ಭಾಗ, ಅಲ್ಲಿಂದ ಹಾದುಹೋಯಿತು. ಹೆಚ್ಚುವರಿ ಸಾಮರ್ಥ್ಯ ಇರುವ ಸೌದಿ, ಎಮಿರೇಟ್ಸ್ ಎರಡೂ ಆ ಬಾಗಿಲಿನ ಒಳಗಡೆಯೇ ಇವೆ. ಕಚ್ಚಾತೈಲದ ಒಂದು ಪಾಲನ್ನು ಜಲಸಂಧಿಯ ಆಚೆಗಿರುವ ಯಾನ್ಬು ಮತ್ತು ಫುಜೈರಾ ಬಂದರುಗಳಿಗೆ ಹೋಗುವ ಪೈಪ್‌ಲೈನ್‌ಗಳಿಂದ ಹೊರಗೆ ತರಬಹುದು. ಕತಾರಿನ ಎಲ್‌ಎನ್‌ಜಿಗೆ (ದ್ರವರೂಪದ ನೈಸರ್ಗಿಕ ಅನಿಲ) ಅಂಥ ಅಡ್ಡದಾರಿ ಇಲ್ಲ. ಒಳಗಿನ ಬಂದರುಗಳಿಂದ ಹೊರಡುವ ಎಲ್‌ಪಿಜಿಗೂ ಇಲ್ಲ.

ಹೋಟೆಲಿನವರಿಗೆ ಅಪಾಯ ಹೆಚ್ಚು ಎಂದು ಮೊದಲೇ ಹೇಳಿದ್ದು ಇದಕ್ಕೆ. ದೇಶದ ಎಲ್‌ಪಿಜಿಯಲ್ಲಿ ಸುಮಾರು ಶೇ 60 ಆಮದು, ಅದರ ಬಹುಪಾಲು ಬಂದಿರುವುದು ಗಲ್ಫ್‌ನಿಂದ. ದರಕ್ಕೆ ಆಧಾರ ಸೌದಿ ಅರಾಮ್ಕೊ ಪ್ರತಿ ತಿಂಗಳಿಗೆ ಪ್ರಕಟಿಸುವ ಪ್ರೊಪೇನ್ ಮತ್ತು ಬ್ಯುಟೇನ್ ದರ. ವ್ಯಾಪಾರದಲ್ಲಿ ಸೌದಿ ಸಿ.ಪಿ. ಎನ್ನುತ್ತಾರೆ. ಇಲ್ಲಿ ಅದನ್ನು ಬ್ಯುಟೇನ್ 60, ಪ್ರೊಪೇನ್ 40 ಪಾಲಿನಲ್ಲಿ ಬೆರೆಸಿ ಲೆಕ್ಕ ಹಾಕುತ್ತಾರೆ. ಸಿ.ಪಿ. ಟನ್‌ಗೆ 10 ಡಾಲರ್ ಏರಿದರೆ 19 ಕೆ.ಜಿ.ಗೆ 19 ಸೆಂಟ್, 90ರ ಡಾಲರಿನಲ್ಲಿ 17 ರೂಪಾಯಿ, ಶೇ 18 ಜಿಎಸ್‌ಟಿ ಸೇರಿ ಸುಮಾರು 20 ರೂಪಾಯಿ. ಹತ್ತು ಡಾಲರ್‌ಗೆ ಇಪ್ಪತ್ತು ರೂಪಾಯಿ ಎಂದು ನೆನಪಿಟ್ಟುಕೊಂಡರೆ ಸಾಕು. ಶೇ 5 ಜಿಎಸ್‌ಟಿ ಹಾಕುವ ಹೋಟೆಲಾದರೆ ಸಿಲಿಂಡರ್ ಮೇಲಿನ ಶೇ 18 ನಿಮಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುವುದಿಲ್ಲ. ಅದನ್ನೂ ಖರ್ಚಿಗೇ ಹಾಕಿ.

ಮನೆಯ 14.2 ಕೆ.ಜಿ. ಸಿಲಿಂಡರ್‌ಗೂ ಇದೇ ಸಿ.ಪಿ. ಆಧಾರ, ಆದರೆ ಅದರ ದರ ಸರಕಾರದ ಕೈಯಲ್ಲಿ. ಅಂತರವನ್ನು ಕಂಪನಿಗಳು ಹೊರುತ್ತವೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಮೂರು ಕಂಪನಿಗಳಿಗೆ 30 ಸಾವಿರ ಕೋಟಿ ಪರಿಹಾರ ಒಪ್ಪಿದ್ದು ಅದಕ್ಕೇ. ಕಮರ್ಷಿಯಲ್ ಸಿಲಿಂಡರ್‌ಗೆ ಆ ಛತ್ರಿ ಇಲ್ಲ, ಪ್ರತಿ ತಿಂಗಳ ಒಂದನೇ ತಾರೀಕು ಪೂರ್ತಿ ಏರಿಳಿತ ನಿಮ್ಮ ತಲೆಗೇ. ಸರಕು ಕಡಿಮೆಯಾದರೂ ಮೊದಲು ಕಾಯುವುದು ಮನೆಯ ಸಿಲಿಂಡರನ್ನು. ಮಂಗಳೂರಿನಲ್ಲಿ ಎಚ್‌ಪಿಸಿಎಲ್ 80 ಸಾವಿರ ಟನ್‌ನ ಎಲ್‌ಪಿಜಿ ಗುಹೆ ಕಟ್ಟಿದೆ, ದೊಡ್ಡದೇ. ದೇಶ ಒಂದು ದಿನಕ್ಕೆ ಉರಿಸುವುದು ಹೆಚ್ಚುಕಡಿಮೆ ಅಷ್ಟನ್ನೇ. 2026ಕ್ಕೆ ಅಮೆರಿಕದಿಂದ ವರ್ಷಕ್ಕೆ 22 ಲಕ್ಷ ಟನ್ ತರಿಸುವ ಒಪ್ಪಂದವೂ ಆಗಿದೆ. ಅದು ಗಲ್ಫ್ ಮೇಲಿನ ಅವಲಂಬನೆಯನ್ನು ಸ್ವಲ್ಪ ಇಳಿಸುತ್ತದೆ, ದರ ಇಳಿಸುತ್ತದೆ ಎಂದು ಎಣಿಸಬೇಡಿ. ಹಡಗಿನ ದಾರಿ ಬಹಳ ಉದ್ದ.

ಹಡಗಿನ ವಿಮೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಗಾಬರಿ ಮಾತ್ರ ಜಾಸ್ತಿಯಾಯಿತು. 10 ಕೋಟಿ ಡಾಲರ್ ಬೆಲೆಯ ಹಡಗಿಗೆ ಯುದ್ಧ ವಿಮೆ ಶೇ 0.3 ಎಂದರೆ 3 ಲಕ್ಷ ಡಾಲರ್. 20 ಲಕ್ಷ ಬ್ಯಾರೆಲ್‌ಗೆ ಹಂಚಿದರೆ ಬ್ಯಾರೆಲ್‌ಗೆ 15 ಸೆಂಟ್, ಲೀಟರ್‌ಗೆ ಎಂಟೊಂಬತ್ತು ಪೈಸೆ. ತೊಂದರೆ ಶುರುವಾಗುವುದು ವಿಮೆಯೇ ಸಿಗದಾಗ. 2012ರ ಜುಲೈನಲ್ಲಿ ಇರಾನ್ ಮೇಲಿನ ನಿರ್ಬಂಧದಿಂದ ಯುರೋಪಿನ ವಿಮೆ ನಿಂತಾಗ ಇರಾನ್ ತೈಲ ತರಿಸುವುದೇ ಕಷ್ಟವಾಯಿತು, ಅದರ ಬಿಸಿ ಇರಾನ್ ತೈಲವನ್ನೇ ಹೆಚ್ಚು ನಂಬಿದ್ದ ಎಂಆರ್‌ಪಿಎಲ್‌ಗೆ ತಟ್ಟಿತು. 2019ರ ಮೇ ತಿಂಗಳಲ್ಲಿ ನಿರ್ಬಂಧದಿಂದ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿದು ಆ ಖರೀದಿ ನಿಂತಿತು. 2022ರ ನಂತರ ರಿಯಾಯಿತಿಯ ರಷ್ಯಾ ತೈಲ ಬಂತು. ಗಲ್ಫ್‌ನಿಂದ ಐದಾರು ದಿನದ ಹಾದಿ, ರಷ್ಯಾದ ಬಾಲ್ಟಿಕ್ ಬಂದರುಗಳಿಂದ ಒಂದು ತಿಂಗಳು. ರಿಯಾಯಿತಿಯ ಲಾಭ ರಿಫೈನರಿಗೆ. ಮೇಲೆ ಹೇಳಿದ ಸೂತ್ರದಿಂದಾಗಿ ಬಂಕ್‌ಗೆ ಇಳಿಯುವುದಿಲ್ಲ.

ಪೈಪ್ ಗ್ಯಾಸ್‌ಗೆ ಹೋಗಬಹುದೇ ಎಂಬ ಯೋಚನೆ ನಿಮಗೂ ಬಂದಿರಬಹುದು. ಲೈನ್ ನಿಮ್ಮ ರಸ್ತೆಗೆ ಬಂದಿದ್ದರೆ ವಿಚಾರಿಸಿ. ಆದರೆ ಅಗ್ಗದ ದೇಶೀಯ ಅನಿಲದಲ್ಲಿ ಆದ್ಯತೆ ಸಿಎನ್‌ಜಿಗೆ ಮತ್ತು ಮನೆಗಳಿಗೆ. ಹೋಟೆಲಿಗೆ ಸಿಗುವುದು ಆಮದು ಎಲ್‌ಎನ್‌ಜಿಯ ದರಕ್ಕೆ ಕಟ್ಟಿದ ಗ್ಯಾಸ್, ಅದೂ ಕತಾರ್ ಕಡೆ ನೋಡುವಂಥದ್ದೇ. ಹೋಲಿಸುವಾಗ ಒಂದು 19 ಕೆ.ಜಿ. ಸಿಲಿಂಡರ್‌ನ ಶಾಖಕ್ಕೆ ಸುಮಾರು 25 ಘನಮೀಟರ್ ಪೈಪ್ ಗ್ಯಾಸ್ ಎಂದು ಹಿಡಿಯಿರಿ. ಬರ್ನರ್‌ನ ಜೆಟ್ ಬದಲಿಸದೆ ಜೋಡಿಸಿದರೆ ಉರಿ ಸಣ್ಣದಾಗುತ್ತದೆ, ಯಾಕೆಂದರೆ ಈ ಗ್ಯಾಸ್‌ಗೆ ದೊಡ್ಡ ತೂತು ಬೇಕು.

ಕೇಟರಿಂಗ್‌ಗೆ ಆರು ತಿಂಗಳ ಮುಂಚೆ ದರ ಒಪ್ಪಿಕೊಳ್ಳುವಾಗ, ಒಪ್ಪಂದದಲ್ಲೇ ಆ ತಿಂಗಳ ಒಂದನೇ ತಾರೀಕಿನ 19 ಕೆ.ಜಿ. ದರ ಬರೆದು, ಕಾರ್ಯಕ್ರಮದ ತಿಂಗಳಲ್ಲಿ ಅದು 150 ರೂಪಾಯಿಗಿಂತ ಹೆಚ್ಚು ಏರಿದರೆ ಹೆಚ್ಚಿನದ್ದನ್ನು ಬಳಸಿದ ಸಿಲಿಂಡರ್ ಲೆಕ್ಕದಲ್ಲಿ ಕೂಡಿಸುವುದಾಗಿ ಒಂದು ಸಾಲು ಹಾಕಿ. ಇಳಿದರೆ ಕಳೆಯುವುದಾಗಿಯೂ ಬರೆಯಿರಿ, ಇಲ್ಲದಿದ್ದರೆ ಮದುವೆ ಮನೆಯವರು ಒಪ್ಪುವುದಿಲ್ಲ. ಚಳಿಗಾಲದ ಮದುವೆಗಳಿಗೆ ಇದನ್ನು ಬಿಡಲೇಬೇಡಿ. ಪೂರ್ವ ಏಷ್ಯಾ ಪ್ರೊಪೇನ್ ಹೆಚ್ಚು ಉರಿಸುವುದು ಆಗಲೇ, ಸಾಮಾನ್ಯವಾಗಿ ಸಿ.ಪಿ. ಬಿಗಿಯಾಗುವುದೂ ಆಗಲೇ.