4.6 ಸ್ಟಾರ್ ನಂಬಿ ಕೊಂಡ ಗೇಮ್: ಮುಂದಿನ ಸಲ ಏನು ನೋಡಬೇಕು, ರಿವ್ಯೂ ಹೇಗೆ ಬರೆಯಬೇಕು

ಸರ್, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ಈಗ ತಾನೇ ಬಂದವರಿಗೂ ಅರ್ಥವಾಗಲಿ ಅಂತ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 4.6 ಸ್ಟಾರ್ ಇದೆ ಅಂತ ನಂಬಿ, ದುಡ್ಡು ಕೊಟ್ಟು ಒಂದು ಪಜಲ್ ಗೇಮ್ ತೆಗೆದುಕೊಂಡಿರಿ. ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ಮುಂದೆ ಹೋದಂತೆ ಸುಳಿವಿಗೆ ಜೆಮ್ಸ್ (ಗೇಮ್ ಒಳಗೆ ದುಡ್ಡಿನಂತೆ ನಡೆಯುವ ಹರಳುಗಳು) ಬೇಕು, ಜೆಮ್ಸ್‌ಗೆ ಮತ್ತೆ ದುಡ್ಡು ಬೇಕು ಅಂತಾಯಿತು. ರೀಫಂಡ್ ಕೇಳಿದರೆ ಸಮಯ ಮೀರಿದೆ ಅಂತ ಉತ್ತರ ಬಂತು. ಸಿಟ್ಟಿನಲ್ಲಿ ಒಂದು ಸ್ಟಾರ್ ಕೊಟ್ಟು "ವೇಸ್ಟ್, ಯಾರೂ ತಗೋಬೇಡಿ" ಅಂತ ಬರೆದಿರಿ. ಈಗ ಎರಡು ಪ್ರಶ್ನೆ ಕೇಳಿದ್ದೀರಿ. ಮುಂದಿನ ಸಲ ಏನು ನೋಡಿ ಕೊಳ್ಳಬೇಕು? ಬರೆದ ರಿವ್ಯೂ ಹಾಗೇ ಬಿಡೋದಾ, ಬದಲಾಯಿಸೋದಾ?

ಬದಲಾಯಿಸಿ. ಯಾಕೆ ಅನ್ನೋದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ 4.6 ಎಲ್ಲಿಂದ ಬಂತು ನೋಡೋಣ.

ಗೇಮ್ ಒಳಗೆ "ರೇಟ್ ಮಾಡಿ" ಅಂತ ಕಿಟಕಿ ಬರುವುದು ಯಾವಾಗ ಗಮನಿಸಿದ್ದೀರಾ? ಒಂದು ಲೆವೆಲ್ ಗೆದ್ದ ಕೂಡಲೇ, ನೀವು ಖುಷಿಯಲ್ಲಿರುವಾಗ. ಸೋತಾಗ ಬರುವುದಿಲ್ಲ. ಜಾಹೀರಾತು ನೋಡಿ ಬೇಸತ್ತಾಗಲೂ ಬರುವುದಿಲ್ಲ. ಐಫೋನ್‌ನಲ್ಲಿ 2017ರಿಂದ ಇದಕ್ಕೆ ಆಪಲ್‌ನದೇ ಕಿಟಕಿ ಇದೆ. ವರ್ಷಕ್ಕೆ 3 ಸಲಕ್ಕಿಂತ ಜಾಸ್ತಿ ತೋರಿಸುವಂತಿಲ್ಲ ಅನ್ನುವ ಮಿತಿಯೂ ಇದೆ. ಆದರೆ ಯಾವ ಕ್ಷಣದಲ್ಲಿ ಕೇಳಬೇಕು ಅನ್ನೋದು ಗೇಮ್ ಮಾಡಿದವರ ಕೈಯಲ್ಲೇ ಇದೆ. ಬೇಸತ್ತು ಅನ್‌ಇನ್‌ಸ್ಟಾಲ್ ಮಾಡಿದವರಲ್ಲಿ ಹೆಚ್ಚಿನವರು ಮತ್ತೆ ಸ್ಟೋರ್‌ಗೆ ಹೋಗಿ ಸ್ಟಾರ್ ಕೊಡುವ ಗೋಜಿಗೇ ಹೋಗುವುದಿಲ್ಲ. ಹಾಗಾಗಿ ಆ ಸಂಖ್ಯೆಯಲ್ಲಿ ಜಾಸ್ತಿ ಇರುವುದು ಮೊದಲ ದಿನಗಳ ಖುಷಿ.

ಇದು ಎಲ್ಲಿಯವರೆಗೆ ಹೋಗಬಹುದು ಅನ್ನೋದಕ್ಕೆ 2014ರಲ್ಲಿ ಬಂದ ಇಎ ಕಂಪನಿಯ ಡಂಜನ್ ಕೀಪರ್ ಮೊಬೈಲ್ ಗೇಮ್ ನೋಡಿ. ಆಂಡ್ರಾಯ್ಡ್‌ನಲ್ಲಿ ಅದು ರೇಟಿಂಗ್ ಕೇಳುವಾಗ ಎರಡೇ ಆಯ್ಕೆ ಇಟ್ಟಿತ್ತು. 5 ಸ್ಟಾರ್ ಅಂತ ಒತ್ತಿದವರು ಪ್ಲೇ ಸ್ಟೋರ್‌ಗೆ ಹೋಗುತ್ತಿದ್ದರು. 1ರಿಂದ 4 ಅಂತ ಒತ್ತಿದವರು ಕಂಪನಿಗೆ ಅಭಿಪ್ರಾಯ ಬರೆದು ಕಳಿಸುವ ಜಾಗಕ್ಕೆ ಹೋಗುತ್ತಿದ್ದರು. ಅದೇ ವರ್ಷ ಬ್ರಿಟನ್ನಿನ ಜಾಹೀರಾತು ನಿಗಾ ಸಂಸ್ಥೆ ಈ ಗೇಮ್ ಅನ್ನು ಉಚಿತ ಅಂತ ಹೇಳಿದ ಜಾಹೀರಾತು ಜನರ ದಾರಿ ತಪ್ಪಿಸುವಂಥದ್ದು ಅಂತ ತೀರ್ಮಾನಿಸಿತು. ಎಲ್ಲರೂ ಇಷ್ಟು ಬಹಿರಂಗವಾಗಿ ಮಾಡುವುದಿಲ್ಲ. ಆದರೆ ಸ್ಟಾರ್ ಸಂಖ್ಯೆ ತಾನಾಗಿ ಬೆಳೆದದ್ದಲ್ಲ, ಬೆಳೆಸಿದ್ದು ಅನ್ನೋದನ್ನು ಮರೆಯಬೇಡಿ.

ಇನ್ನೂ ಒಂದು ವಿಷಯ. ಆಪ್ ಸ್ಟೋರ್‌ನಲ್ಲಿ ಹೊಸ ವರ್ಷನ್ ಬಿಡುವಾಗ ಹಳೆಯ ರೇಟಿಂಗ್ ಅಳಿಸಿ ಹೊಸದಾಗಿ ಶುರು ಮಾಡುವ ಅವಕಾಶ ಗೇಮ್‌ನವರಿಗೆ ಇದೆ. ಪ್ಲೇ ಸ್ಟೋರ್ 2019ರಿಂದ ಇತ್ತೀಚಿನ ರೇಟಿಂಗ್‌ಗೆ ಜಾಸ್ತಿ ತೂಕ ಕೊಡುತ್ತದೆ. ಎರಡೂ ಕಡೆ ನಿಮಗೆ ಕಾಣುವುದು ನಿಮ್ಮ ದೇಶದ ಸ್ಟೋರ್‌ನ ಸಂಖ್ಯೆ. ಬೇರೆ ಕಡೆ ಇರುವವರು "ನನಗೆ 3.9 ತೋರಿಸುತ್ತಿದೆ" ಅಂದರೆ ಅವರು ಸುಳ್ಳು ಹೇಳುತ್ತಿಲ್ಲ.

ಹಾಗಾದರೆ ಏನು ನೋಡಬೇಕು? ನಾನು ಮೊದಲು ನೋಡುವುದು ಆ್ಯಪ್ ಒಳಗಿನ ಖರೀದಿಯ ಪಟ್ಟಿ. ಆಪ್ ಸ್ಟೋರ್‌ನಲ್ಲಿ ಗೇಮ್ ಪುಟದ ಕೆಳಗೆ ಹೋದರೆ ಏನೇನು ಮಾರುತ್ತಾರೆ ಅಂತ ಹೆಸರು ಮತ್ತು ಬೆಲೆ ಸಮೇತ ಸಿಗುತ್ತದೆ. ಪ್ಲೇ ಸ್ಟೋರ್‌ನಲ್ಲಿ ಕಡಿಮೆ ಎಷ್ಟು, ಜಾಸ್ತಿ ಎಷ್ಟು ಅಂತ ಬೆಲೆಯ ಮಿತಿ ಮಾತ್ರ ಇರುತ್ತದೆ. ಜೊತೆಗೆ ಜಾಹೀರಾತು ಇದ್ದರೆ ಆ ಸೂಚನೆಯೂ ಇರುತ್ತದೆ. ಪಟ್ಟಿಯಲ್ಲಿ "ಜಾಹೀರಾತು ತೆಗೆಯಿರಿ", "ಪೂರ್ತಿ ಗೇಮ್", "ಹೊಸ ಅಧ್ಯಾಯ" ಅಂತ ಇದ್ದರೆ ನನಗೆ ಅಭ್ಯಂತರವಿಲ್ಲ. ಒಂದು ಸಲ ಕೊಟ್ಟರೆ ಮುಗಿಯಿತು, ಫೋನ್ ಬದಲಾಯಿಸಿದರೂ ರಿಸ್ಟೋರ್ ಮಾಡಿಕೊಳ್ಳಬಹುದು, ಅಂದರೆ ಮತ್ತೆ ದುಡ್ಡು ಕೊಡದೆ ವಾಪಸ್ ಪಡೆಯಬಹುದು. ಆದರೆ "ಜೆಮ್ಸ್ ಪ್ಯಾಕ್", "ಕಾಯಿನ್ ಪೆಟ್ಟಿಗೆ" ಅಂತ ಚಿಕ್ಕದು, ದೊಡ್ಡದು, ಇನ್ನೂ ದೊಡ್ಡದು ಸಾಲಾಗಿ ಇದ್ದರೆ ಎಚ್ಚರ. ಅವು ಖರ್ಚಾಗಿ ಹೋಗುವ ಸಾಮಾನು, ರಿಸ್ಟೋರ್‌ನಲ್ಲಿ ವಾಪಸ್ ಬರುವುದಿಲ್ಲ. ಅದೃಷ್ಟದ ಪೆಟ್ಟಿಗೆ ಮಾರುವವರು ಒಳಗೆ ಏನು ಸಿಗುವ ಸಾಧ್ಯತೆ ಎಷ್ಟು ಅಂತ ತೋರಿಸಲೇಬೇಕು ಅಂತ ಆಪಲ್ 2017ರಲ್ಲಿ, ಗೂಗಲ್ 2019ರಲ್ಲಿ ನಿಯಮ ತಂದಿವೆ. ಅದನ್ನು ಹುಡುಕಿ ನೋಡಿ. ಮೊದಲೇ ದುಡ್ಡು ತೆಗೆದುಕೊಂಡು, ಮೇಲಿಂದ ಜೆಮ್ಸ್ ಕೂಡ ಮಾರುವ ಗೇಮ್ ಅನ್ನು ನಾನು ಕೊಳ್ಳುವುದೇ ಇಲ್ಲ. ಎಷ್ಟೇ ಸ್ಟಾರ್ ಇರಲಿ. ಜೆಮ್ಸ್ ಖರ್ಚಾಗಬೇಕಾದರೆ ಎಲ್ಲೋ ಒಂದು ಕಡೆ ನಿಮ್ಮನ್ನು ತಡೆದು ನಿಲ್ಲಿಸಲೇಬೇಕು. ನೀವು ಸಿಕ್ಕಿಬಿದ್ದದ್ದು ಅಲ್ಲೇ ಅಲ್ವಾ?

ಎರಡನೆಯದು ರಿವ್ಯೂ ಓದುವ ಬಗೆ. ಹೊಸದು ಮೊದಲು ಬರುವಂತೆ ಜೋಡಿಸಿಕೊಳ್ಳಿ. 2 ಮತ್ತು 3 ಸ್ಟಾರ್ ಕೊಟ್ಟವರದ್ದು ಓದಿ. ಅವರು ಗೇಮ್ ಇಷ್ಟಪಟ್ಟವರೇ, ಆದರೆ ಏನೋ ಒಂದು ಚುಚ್ಚಿದೆ. ಆ ಚುಚ್ಚಿದ್ದೇ ನಿಮಗೆ ಬೇಕಾದ ಮಾಹಿತಿ. "ಅಪ್‌ಡೇಟ್ ಆದ ಮೇಲೆ", "ಇಷ್ಟನೇ ಲೆವೆಲ್ ನಂತರ", "ನೆಟ್ ಇಲ್ಲದೆ ತೆರೆಯುತ್ತಿಲ್ಲ", "ಸೇವ್ ಹೋಯಿತು" ಇಂಥ ಮಾತು ಬೇರೆ ಬೇರೆಯವರ ಬಾಯಲ್ಲಿ ಬಂದರೆ ನಂಬಿ. "ಸೂಪರ್ ಗೇಮ್" ಅಂತ ಎರಡು ಪದ ಬರೆದದ್ದನ್ನೆಲ್ಲ ಸುಮ್ನೆ ದಾಟಿಬಿಡಿ. ಅದರಲ್ಲಿ ದುಡ್ಡು ಕೊಟ್ಟು ಬರೆಸಿದ್ದೂ ಇರಬಹುದು. ನಕಲಿ ರಿವ್ಯೂ ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸುವ ನಿಯಮವನ್ನು ಅಮೆರಿಕದ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ತರಬೇಕಾಗಿ ಬಂತು.

ಜಾಹೀರಾತಿನ ವಿಡಿಯೋ ನೋಡಿ ಗೇಮ್ ಇಳಿಸಿಕೊಳ್ಳಬೇಡಿ. ಪಿನ್ ಎಳೆದು ಒಬ್ಬನನ್ನು ಕಾಪಾಡುವ ವಿಡಿಯೋ ನೀವೂ ನೋಡಿರುತ್ತೀರಿ. ಹೋಮ್‌ಸ್ಕೇಪ್ಸ್ ಮತ್ತು ಗಾರ್ಡನ್‌ಸ್ಕೇಪ್ಸ್ ಗೇಮ್‌ಗಳ ಇಂಥ ಜಾಹೀರಾತನ್ನು 2020ರಲ್ಲಿ ಬ್ರಿಟನ್ನಿನ ಅದೇ ಜಾಹೀರಾತು ನಿಗಾ ಸಂಸ್ಥೆ ತಡೆಯಿತು. ತೋರಿಸಿದ ಆಟಕ್ಕೂ ಒಳಗಿರುವ ಆಟಕ್ಕೂ ಹೋಲಿಕೆ ಇಲ್ಲ ಅನ್ನುವುದೇ ಕಾರಣ. ನೋಡಲೇಬೇಕು ಅಂದರೆ ಸಾಮಾನ್ಯ ಆಟಗಾರರು ಹಾಕಿದ ವಿಡಿಯೋ ಹುಡುಕಿ, ಅದರಲ್ಲೂ 50ನೇ ಲೆವೆಲ್, 100ನೇ ಲೆವೆಲ್‌ನದ್ದು.

ಈಗ ರೀಫಂಡ್. ಇಲ್ಲಿ ಎಷ್ಟೋ ಜನ ದುಡ್ಡು ಕಳೆದುಕೊಳ್ಳುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ಲೇ ಸ್ಟೋರ್‌ನಲ್ಲಿ ದುಡ್ಡು ಕೊಟ್ಟು ತೆಗೆದುಕೊಂಡ ಗೇಮ್ ಅನ್ನು 2 ಗಂಟೆಯೊಳಗೆ ಯಾರನ್ನೂ ಕೇಳದೆ ವಾಪಸ್ ಮಾಡಬಹುದು. ಮೊದಲು ಇದು 15 ನಿಮಿಷ ಇತ್ತು, 2014ರಲ್ಲಿ ಜಾಸ್ತಿ ಮಾಡಿದರು. 2 ಗಂಟೆ ಮೀರಿದರೂ 48 ಗಂಟೆಯೊಳಗೆ ಗೂಗಲ್‌ಗೆ ಮನವಿ ಕಳಿಸಬಹುದು. ಆಗ ಕೊಡುವುದು ಬಿಡುವುದು ಅವರ ತೀರ್ಮಾನ. ಅದೂ ಮೀರಿದರೆ ಗೇಮ್ ಮಾಡಿದವರನ್ನೇ ಕೇಳಬೇಕು. ಒಂದು ಸಲ ವಾಪಸ್ ಮಾಡಿದ ಗೇಮ್ ಅನ್ನು ಮತ್ತೆ ಕೊಂಡರೆ ಈ ಸುಲಭದ ದಾರಿ ಸಿಗುವುದಿಲ್ಲ. ಆಪಲ್‌ನಲ್ಲಿ ಹೀಗೆ ತಾನಾಗಿ ವಾಪಸ್ ಆಗುವ ಗಡುವು ಇಲ್ಲ. ಅವರ "ರಿಪೋರ್ಟ್ ಎ ಪ್ರಾಬ್ಲಮ್" ಪುಟದಲ್ಲಿ ಕಾರಣ ಕೊಟ್ಟು ಕೇಳಬೇಕು. ಎಲ್ಲೇ ಕೇಳಿದರೂ "ಇಷ್ಟವಾಗಲಿಲ್ಲ" ಅಂತ ಬರೆಯಬೇಡಿ. "ಪುಟದಲ್ಲಿ ಜಾಹೀರಾತು ಇಲ್ಲ ಅಂತ ಇದೆ, ಮೂರನೇ ಲೆವೆಲ್‌ನಿಂದ ಜಾಹೀರಾತು ಬರುತ್ತಿದೆ" ಅಂತ ಬರೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಆ 2 ಗಂಟೆಯನ್ನು ಆಟ ಆಡಲು ಕಳೆಯಬೇಡಿ, ಪರೀಕ್ಷೆ ಮಾಡಲು ಬಳಸಿ. ಬಿಡುವು ಇರುವ ಹೊತ್ತಿನಲ್ಲಿ ಮಾತ್ರ ಗೇಮ್ ಕೊಳ್ಳಿ. ಇಳಿಸಿದ ಕೂಡಲೇ ಒಂದು ಲೆವೆಲ್ ಮುಗಿಸಿ, ನೇರವಾಗಿ ಗೇಮ್ ಒಳಗಿನ ಅಂಗಡಿಯ ಪುಟಕ್ಕೆ ಹೋಗಿ. ಏನು ಮಾರುತ್ತಿದ್ದಾರೆ, ಸುಳಿವಿಗೆ ಎಷ್ಟು, ಮುಂದಿನ ಅಧ್ಯಾಯಕ್ಕೆ ಬೀಗ ಇದೆಯಾ ನೋಡಿ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ, ಗೇಮ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ನೆಟ್ ಇಲ್ಲದೆ ತೆರೆಯದಿದ್ದರೆ ಅವರ ಸರ್ವರ್ ನಿಂತ ದಿನ ನಿಮ್ಮ ಗೇಮ್ ಕೂಡ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕ್ಲೌಡ್ ಸೇವ್ (ಆಡಿದ್ದು ಫೋನ್ ಹೊರಗೆ, ನೆಟ್‌ನಲ್ಲಿ ಉಳಿಯುವುದು) ಮತ್ತು ಖರೀದಿ ರಿಸ್ಟೋರ್ ಇದೆಯಾ ಹುಡುಕಿ. ಒಂದರ್ಧ ಗಂಟೆ ಬಿಡದೆ ಆಡಿ ಫೋನ್ ಎಷ್ಟು ಬಿಸಿಯಾಗುತ್ತದೆ, ಬ್ಯಾಟರಿ ಎಷ್ಟು ಇಳಿಯಿತು ನೋಡಿ. ಇವೆಲ್ಲ ಒಂದು ಗಂಟೆಯಲ್ಲಿ ಆಗುವ ಕೆಲಸ. ಅನುಮಾನ ಬಂದರೆ ಮೊದಲು ವಾಪಸ್ ಮಾಡಿ.

ಮನೆಯಲ್ಲಿ ಮಕ್ಕಳ ಕೈಗೆ ಫೋನ್ ಹೋಗುತ್ತಿದ್ದರೆ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಂದೇ ಮಾಡಿಡಿ. ಮಕ್ಕಳು ಒತ್ತಿದ ಖರೀದಿಗಳ ವಿಷಯದಲ್ಲೇ 2014ರಲ್ಲಿ ಆಪಲ್ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್ ಕನಿಷ್ಠ 1.9 ಕೋಟಿ ಡಾಲರ್ ಗ್ರಾಹಕರಿಗೆ ವಾಪಸ್ ಕೊಡಲು ಒಪ್ಪಬೇಕಾಯಿತು.

ಮೇಲೆ ಒಬ್ಬರು "ದುಡ್ಡು ಕೊಟ್ಟು ಕೊಂಡರೆ ಕೊನೆವರೆಗೂ ನಮ್ಮದು" ಅಂದಿದ್ದಾರೆ. ಹಾಗೆ ಅಂದುಕೊಳ್ಳಬೇಡಿ ಸರ್. 2017ರಲ್ಲಿ ಐಫೋನ್‌ನ ಸಾಫ್ಟ್‌ವೇರ್ ಐಓಎಸ್ 11 ಬಂದಾಗ 32 ಬಿಟ್ ಅನ್ನುವ ಹಳೆಯ ಬಗೆಯಲ್ಲಿ ಮಾಡಿದ ಆ್ಯಪ್‌ಗಳೆಲ್ಲ ನಿಂತುಹೋದವು. ಅಪ್‌ಡೇಟ್ ಆಗದ ಎಷ್ಟೋ ಒಳ್ಳೆಯ ಗೇಮ್‌ಗಳು, ದುಡ್ಡು ಕೊಟ್ಟವರಿಗೂ ತೆರೆಯಲಿಲ್ಲ. ಇನ್ಫಿನಿಟಿ ಬ್ಲೇಡ್ ಗೇಮ್ ಸರಣಿಯನ್ನು 2018ರಲ್ಲಿ ಎಪಿಕ್ ಕಂಪನಿಯೇ ಸ್ಟೋರ್‌ನಿಂದ ತೆಗೆಯಿತು. ಆಂಡ್ರಾಯ್ಡ್‌ನಲ್ಲಿ ಕೊಂಡದ್ದು ಸಾಮಾನ್ಯವಾಗಿ ಐಫೋನ್‌ಗೆ ಬರುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಕೊನೆಯ ಅಪ್‌ಡೇಟ್ ಯಾವಾಗ ಆಗಿದೆ ನೋಡಿ. ವರ್ಷಗಟ್ಟಲೆ ಯಾರೂ ಮುಟ್ಟದ ಗೇಮ್‌ಗೆ ದೊಡ್ಡ ಮೊತ್ತ ಹಾಕುವುದು ಬೇಡ.

ಇನ್ನು ನಿಮ್ಮ ರಿವ್ಯೂ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ "ವೇಸ್ಟ್" ಅನ್ನುವ ಪದ ಓದಿ ಮುಂದಿನವರಿಗೆ ಏನೂ ಗೊತ್ತಾಗುವುದಿಲ್ಲ. ಗೇಮ್ ಮಾಡಿದವರಿಗೂ ಏನು ಸರಿ ಮಾಡಬೇಕು ತಿಳಿಯುವುದಿಲ್ಲ. 2016ರಲ್ಲಿ ಸೂಪರ್ ಮಾರಿಯೋ ರನ್ ಬಂದಾಗ ಹೀಗೇ ಆಯಿತು. ಮೊದಲ ಕೆಲವು ಲೆವೆಲ್ ಉಚಿತ, ಆಮೇಲೆ ಒಂದೇ ಸಲ ದುಡ್ಡು ಕೊಟ್ಟರೆ ಪೂರ್ತಿ ಗೇಮ್. ಜೆಮ್ಸ್ ಗೋಳಿಲ್ಲದ, ನೇರವಾದ ಲೆಕ್ಕ ಅದು. ಆದರೂ ದುಡ್ಡು ಕೇಳಿದರು ಅಂತ ಜನ ಸಾಲಾಗಿ ಒಂದು ಸ್ಟಾರ್ ಕೊಟ್ಟರು. ಆ ಗೇಮ್‌ನಲ್ಲಿ ನಿಜವಾದ ತೊಂದರೆ ಒಂದಿತ್ತು, ಯಾವಾಗಲೂ ನೆಟ್ ಬೇಕಿತ್ತು. ಬೆಲೆಯ ಕೂಗಾಟದ ನಡುವೆ ಆ ಮಾತು ಮುಚ್ಚಿಹೋಯಿತು. 2014ರಲ್ಲಿ ಮಾನ್ಯುಮೆಂಟ್ ವ್ಯಾಲಿ ಅನ್ನುವ ಪಜಲ್ ಗೇಮ್‌ನವರು ಹೊಸ ಲೆವೆಲ್‌ಗಳನ್ನು ಬೇರೆಯಾಗಿ ಮಾರಿದಾಗಲೂ ಒಂದು ಸ್ಟಾರ್‌ಗಳು ಬಿದ್ದವು. ಹೀಗೆ ನೇರವಾಗಿ ದುಡ್ಡು ಕೇಳುವವರನ್ನು ಹೊಡೆದರೆ ಉಳಿಯುವುದು ಜೆಮ್ಸ್ ಮಾರುವವರೇ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಪ್ಲೇ ಸ್ಟೋರ್‌ನಲ್ಲಿ ರಿವ್ಯೂಗೆ 500 ಅಕ್ಷರದ ಮಿತಿ ಇದೆ. ಅಷ್ಟು ಸಾಕು. ನಿಮ್ಮದನ್ನು ಹೀಗೆ ಬರೆಯಬಹುದು: "ದುಡ್ಡು ಕೊಟ್ಟು ಕೊಂಡ ಗೇಮ್. ಪಜಲ್‌ಗಳು ಚೆನ್ನಾಗಿವೆ, ಜಾಹೀರಾತು ಇಲ್ಲ. ಶುರುವಿನಲ್ಲಿ ಸುಳಿವು ಉಚಿತ, ಮುಂದೆ ಪ್ರತಿ ಸುಳಿವಿಗೂ ಜೆಮ್ಸ್ ಬೇಕು. ಜೆಮ್ಸ್ ಆಡಿ ಗಳಿಸುವುದು ತುಂಬಾ ನಿಧಾನ. ಇದು ಸ್ಟೋರ್ ವಿವರಣೆಯಲ್ಲಿ ಇಲ್ಲ. ಸುಳಿವು ಉಚಿತ ಮಾಡಿದರೆ ರೇಟಿಂಗ್ ಬದಲಾಯಿಸುತ್ತೇನೆ." ಯಾವ ಲೆವೆಲ್‌ನಿಂದ ಅಂತ ಸಂಖ್ಯೆ ಸೇರಿಸಿ. ಗೇಮ್ ನಿಂತುಹೋಗುವ ತೊಂದರೆ ಇದ್ದರೆ ಫೋನ್ ಮಾಡೆಲ್ ಮತ್ತು ವರ್ಷನ್ ಕೂಡ ಬರೆಯಿರಿ. ನಿಮ್ಮ ಅನುಭವಕ್ಕೆ 2 ಸ್ಟಾರ್ ಸರಿ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಪಜಲ್ ಚೆನ್ನಾಗಿದೆ ಅಂತ ನೀವೇ ಬರೆದಿದ್ದೀರಿ. ಆರ್ಡರ್ ನಂಬರ್, ಮೇಲ್ ಐಡಿ ರಿವ್ಯೂನಲ್ಲಿ ಹಾಕಬೇಡಿ, ಎಲ್ಲರಿಗೂ ಕಾಣುತ್ತದೆ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಗೂಗಲ್ ಖಾತೆಯ ಹೆಸರು ಕೂಡ ಕಾಣುತ್ತದೆ.

"ಎಲ್ಲರೂ ಸೇರಿ ಒಂದು ಸ್ಟಾರ್ ಹಾಕೋಣ" ಅಂತ ಇನ್ನೊಬ್ಬರು ಕರೆದಿದ್ದಾರೆ. ನಾನು ಸೇರುವುದಿಲ್ಲ. ಆಡದವರು ಕೊಟ್ಟ ಸ್ಟಾರ್ ಕೂಡ ನಕಲಿಯೇ. ಆಡಿದವರು ಇಲ್ಲಿ ಇದ್ದರೆ ಸುಳಿವಿನ ಜೆಮ್ಸ್ ಯಾವ ಲೆವೆಲ್‌ನಿಂದ ಶುರುವಾಯಿತು, ಆಗ ಯಾವ ವರ್ಷನ್ ಇತ್ತು ಅಂತ ಕೆಳಗೆ ಬರೆಯಿರಿ. ಸರ್, ನೀವು ಅದೇ ವಿವರವನ್ನು ಆರ್ಡರ್ ನಂಬರ್ ಜೊತೆ ಗೇಮ್‌ನವರಿಗೆ ಮೇಲ್ ಮಾಡಿ. ಸ್ಟೋರ್ ಪುಟದಲ್ಲೇ ಅವರ ಸಂಪರ್ಕ ಇರುತ್ತದೆ. ಉತ್ತರ ಏನು ಬಂತು ಅಂತ ಇಲ್ಲೇ ಹಾಕಿ.