ಮೆಡಿಕ್ಲೇಮ್ ಬಿಡಿ, ಲಾರಿಯ ವಿಮೆ ಹಿಡಿಯಿರಿ

ನಮಸ್ಕಾರ. ದಾವಣಗೆರೆ ಹತ್ತಿರ ಲಾರಿ ಗುದ್ದಿ ನಿಮ್ಮ ತಮ್ಮನ ಕಾಲು ಮೊಣಕಾಲ ಕೆಳಗೆ ಹೋಗಿದೆ, ಮೆಡಿಕ್ಲೇಮ್‌ನವರು ಕೃತಕ ಕಾಲಿಗೆ ದುಡ್ಡಿಲ್ಲ ಅನ್ನುತ್ತಿದ್ದಾರೆ, ಮುಂದೆ ಬದಲಿಸುವ ಖರ್ಚು ಯಾರದು ಎಂದು ಕೇಳಿದ್ದೀರಿ.

ಬಹಳಷ್ಟು ಪಾಲಿಸಿಗಳು ಆಪರೇಷನ್‌ನಲ್ಲಿ ಒಳಗೆ ಕೂರಿಸುವ ರಾಡು, ಪ್ಲೇಟಿಗೆ ಕೊಡುತ್ತವೆ. ಹೊರಗೆ ಹಾಕುವ ಕಾಲಿಗೆ ಕೊಡುವುದಿಲ್ಲ. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಅವರ ಜೊತೆ ಗುದ್ದಾಡುವುದು ಸುಮ್ನೆ ದಂಡ.

ತಪ್ಪು ಲಾರಿಯದೇ ಅಲ್ವಾ? ಹಾಗಾದರೆ ಲಾರಿಯ ವಿಮಾ ಕಂಪನಿ ಮೇಲೆ ಹಾಕುವ ಮೋಟಾರು ಅಪಘಾತ ಪರಿಹಾರದ ಕೇಸೇ ಗಟ್ಟಿ ದಾರಿ. ಕೃತಕ ಕಾಲನ್ನು ಮುಂದೆ ಬದಲಿಸುವ, ರಿಪೇರಿ ಮಾಡಿಸುವ ಖರ್ಚಿಗೂ ಸುಪ್ರೀಂ ಕೋರ್ಟ್ 2022ರಲ್ಲಿ ಇಂಥದ್ದೇ ಕೇಸಿನಲ್ಲಿ ಪರಿಹಾರ ಕೊಟ್ಟಿದೆ. ಅದಕ್ಕೆ ಕಾಲು ಮಾಡುವವರಿಂದ ಬೆಲೆ, ಬಾಳಿಕೆ, ರಿಪೇರಿ ಖರ್ಚು ಎಲ್ಲ ಬರೆಸಿಕೊಳ್ಳಿ. ಸಾಕೆಟ್, ಅಂದರೆ ಕೃತಕ ಕಾಲಿನಲ್ಲಿ ಉಳಿದ ಕಾಲು ಕೂರುವ ಬಟ್ಟಲಿನಂಥ ಭಾಗ, ಅದರ ಖರ್ಚನ್ನು ಬೇರೆಯಾಗಿಯೇ ಬರೆಸಿ. ಕತ್ತರಿಸಿದ ಮೇಲೆ ಉಳಿದ ಕಾಲಿನ ತುಂಡು ಮೊದಲ ತಿಂಗಳುಗಳಲ್ಲಿ ಸಣ್ಣಗಾಗುತ್ತದೆ, ಸಾಕೆಟ್ ಸಡಿಲವಾಗುತ್ತದೆ. ಇದನ್ನು ವಕೀಲರೂ ಮರೆಯುವುದು ಜಾಸ್ತಿ.

ತಮ್ಮನ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗಿದೆಯಾ ನೋಡಿ. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಆಗಿದ್ದರೆ ಒಂದು ಕಾಲಿಗೆ 1 ಲಕ್ಷ ಬರುತ್ತದೆ. ಬ್ಯಾಂಕಿಗೆ ಬೇಗ ಹೋಗಿ.

ಕೇಸು ಮುಗಿಯುವವರೆಗೆ ಕಾಯಬೇಡಿ. ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ (ಅಂಗವಿಕಲರ ಪುನರ್ವಸತಿ ಕೇಂದ್ರ) ಇದೆ. ಅಂಗವಿಕಲತೆ ಸರ್ಟಿಫಿಕೇಟು, ಆದಾಯ ಪತ್ರ ಹಿಡಿದು ಹೋಗಿ, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ಕಾಲು ಸಿಗುತ್ತದಾ ಕೇಳಿ.