‘ಗಮನ ಎಲ್ಲಿತ್ತು?’ ಅಂತ ಕೇಳಬೇಡಿ

ಮಷಿನ್‌ಗೆ ಸಿಕ್ಕಿ ಬೆರಳು ಕಳೆದುಕೊಂಡ ಬಡಗಿಗಳು ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಆಗಾಗ ಬರುತ್ತಾರೆ. ಹೆಚ್ಚಿನವರದ್ದು ಒಂದೇ ಮಾತು: ‘ತಪ್ಪು ನಂದೇ.’ ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅವರಲ್ಲೊಬ್ಬರಿಗೆ ನಲವತ್ತರ ಆಸುಪಾಸು. ಬೆಂಗಳೂರಿನಲ್ಲಿ ಹೊಸ ಕಟ್ಟಡಗಳಿಗೆ ಬಾಗಿಲು, ಕಿಟಕಿ ಕೂರಿಸುತ್ತಿದ್ದರು. 2022ರಲ್ಲಿ ಮರ ಕೊಯ್ಯುವಾಗ ಎಡಗೈ ತೋರುಬೆರಳು ಬುಡದಿಂದಲೇ ಹೋಯಿತು. ಆಮೇಲೆ ಕೆಲಸ ಬಿಟ್ಟರು, ಕುಡಿತ ಜಾಸ್ತಿಯಾಯಿತು. ಹೆಂಡತಿ ಕರೆದುಕೊಂಡು ಬಂದರು.

ಮೊದಲೆರಡು ಸಲ ಎಡಗೈ ಟವೆಲ್ಲಿನ ಒಳಗೇ ಇತ್ತು. ‘ಮಗಳ ಫೀಸಿನ ಯೋಚನೇಲಿದ್ದೆ ಮೇಡಂ. ಗಮನ ತಪ್ಪಿತು’ ಅಂದಿದ್ದರು. ಆಸ್ಪತ್ರೆಯಲ್ಲಿ, ಮನೆಯಲ್ಲಿ, ಮೇಸ್ತ್ರಿ, ನೆಂಟರು ಎಲ್ಲರೂ ಅವರನ್ನು ಕೇಳಿದ್ದು ಅದೇ: ಗಮನ ಎಲ್ಲಿತ್ತು?

ಮೂರನೇ ಸಲ, ‘ಹಲಗೆ ಹೇಗೆ ತಳ್ಳುತ್ತಿದ್ರಿ, ತೋರಿಸಿ’ ಅಂದೆ. ಟವೆಲ್ ಪಕ್ಕಕ್ಕಿಟ್ಟು ನನ್ನ ಮೇಜಿನ ಮೇಲೆ ಎರಡೂ ಕೈ ಊರಿದರು. ಎಡಗೈ ಒತ್ತಿ ಹಿಡಿದು, ಬಲಗೈಯಿಂದ ಇಲ್ಲದ ಹಲಗೆಯನ್ನು ಮುಂದಕ್ಕೆ ತಳ್ಳಿದರು.

‘ಬ್ಲೇಡಿಗೆ ಗಾರ್ಡ್ ಇತ್ತಾ?’

‘ನಾನು ಸೇರಿದಾಗಲೇ ಇರಲಿಲ್ಲ.’

‘ಇದ್ದಿದ್ರೆ ಎಲ್ಲಿರುತ್ತಿತ್ತು?’

ಬಲಗೈಯನ್ನು ಬೋಗುಣಿ ಹಾಗೆ ಬಗ್ಗಿಸಿ ಬ್ಲೇಡ್ ಇರಬೇಕಾದ ಜಾಗದ ಮೇಲೆ ಹಿಡಿದರು. ಎಡಗೈ ಅದರ ಆಚೆಗೇ ನಿಂತಿತು. ಎಷ್ಟೋ ಹೊತ್ತು ಹಾಗೇ ನೋಡುತ್ತಾ ಕೂತರು.

ಆಗ ನಾನು, ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಿಸುವ ಕಾನೂನಿನ ವಿಷಯ ಎತ್ತಿದೆ. ಅದು ನಿನ್ನ ಕೆಲಸವಲ್ಲ ಎಂದು ನನ್ನ ಜೊತೆಯವರೇ ಆಕ್ಷೇಪಿಸಿದ್ದಾರೆ. ನಾನು ಒಪ್ಪುವುದಿಲ್ಲ. ತಪ್ಪೆಲ್ಲ ತನ್ನದೇ ಅಂದುಕೊಂಡವನು ನ್ಯಾಯ ಕೇಳಲು ಹೋಗುವುದಿಲ್ಲ, ಸುಮ್ನೆ ಕುಡಿಯುತ್ತಾನೆ. ಆಗ ಜಾರಿಯಲ್ಲಿದ್ದ 1923ರ ಕಾನೂನಿನ ಪ್ರಕಾರ ಅರ್ಜಿಗೆ ಎರಡು ವರ್ಷ ಗಡುವು. ಕ್ಷಣ ಗಮನ ತಪ್ಪಿತು ಅನ್ನುವ ಕಾರಣಕ್ಕೆ ಪರಿಹಾರ ತಪ್ಪುವುದಿಲ್ಲ. ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 14 ನಷ್ಟ ಎಂದು ಅದರ ಪಟ್ಟಿಯಲ್ಲೇ ಇತ್ತು. ‘ಒಂದು ಬೆರಳಿಗೂ ಲೆಕ್ಕ ಇಟ್ಟಿದ್ದಾರಾ?’ ಅಂದರು. ಅಳು ಬಂದದ್ದು ಆಗಲೇ.

ಕುಡಿತಕ್ಕೆ ವೈದ್ಯರ ಬಳಿ ಕಳಿಸಿದೆ. ಮಷಿನ್ ಸದ್ದಿಗೆ ಈಗಲೇ ಹೋಗಬೇಡಿ, ಉಳಿ ಸುತ್ತಿಗೆಯ ಕೆಲಸದಿಂದ ಶುರು ಮಾಡಿ ಅಂದೆ. ಹೆಂಡತಿಗೆ ಹೇಳಿದ್ದು ಒಂದೇ: ಆ ಪ್ರಶ್ನೆಯನ್ನು ಮನೆಯಲ್ಲಿ ಇನ್ಯಾರೂ ಕೇಳುವುದು ಬೇಡ.

ಗಡುವಿಗೆ ಮೂರು ತಿಂಗಳಿರುವಾಗ ಅರ್ಜಿ ಹಾಕಿದರು. ಸಾಕ್ಷಿ ಹೇಳಲು ಮೇಸ್ತ್ರಿ ಮೊದಲು ಹಿಂಜರಿದರು. ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ತಾನಾಗಿ ಬಂದು, ‘ಗಾರ್ಡ್ ಇರಲಿಲ್ಲ, ನಾನು ಹೇಳ್ತೀನಿ’ ಅಂದನಂತೆ.